ಕಿಲೋಮೀಟರ್ ನೂರಾ ಹದಿನೆಂಟು

ಮೊದಲ ದಿನ ತಪ್ಪಾಗಿ ಓದಿದೆ.
ಅರಬ್ಬೀ ಐದು ಥೇಟ್ ನಮ್ಮ ಸೊನ್ನೆ,
ಅವರ ಸೊನ್ನೆಯೋ ಬರೀ ಒಂದು ಚುಕ್ಕೆ.
ಐವತ್ತರ ವೇಗದ ಹಲಗೆ ನೋಡಿ
ಸೊನ್ನೆ, ಆಮೇಲೆ ಪೂರ್ಣವಿರಾಮ ಅಂದುಕೊಂಡು
ಟ್ರಾಲಿ ನಿಲ್ಲಿಸಿ ಇಳಿದೇಬಿಟ್ಟೆ.
ಗುಲ್ ಜಮಾನ್ ಹೊಟ್ಟೆ ಹಿಡಿದುಕೊಂಡು ನಕ್ಕ.
ನಗಲಿ. ತೋರಣಗಲ್ಲಿನ ಅದಿರು ಲೈನಿನಲ್ಲಿ
ಹನ್ನೊಂದು ವರ್ಷ ಕೀಲಿ ಬಡಿದವನು ನಾನು,
ಹಲಗೆ ನಿಲ್ಲು ಅಂದರೆ ನಿಲ್ಲುವವನು.

ಹಫೂಫಿನ ತರಬೇತಿ ಕೋಣೆಯಲ್ಲಿ ಏಸಿಯ ಗೊರಕೆ.
ನಾರ್ವೆಯಿಂದ ಬಂದ ಸಿಗುರ್ ಮೇಷ್ಟ್ರು
ತಮ್ಮೂರ ಹಳಿಗಳನ್ನು ಗೋಡೆಯ ಮೇಲೆ ಬಿಟ್ಟರು:
ಹಿಮದಲ್ಲಿ ಕುತ್ತಿಗೆವರೆಗೆ ಹೂತ ಕಂಬ,
ತುದಿಗೊಂದು ಹಲಗೆ. ಅರ್ಥ:
ಇಲ್ಲಿ ನೇಗಿಲು ಎತ್ತು.
ಹಿಮ ಗೋರುವ ಎಂಜಿನ್ನಿಗೆ ಹೇಳುವ ಮಾತಂತೆ,
ಮುಂದೆ ಗೇಟು, ಅಲಗು ತಾಗೀತು ಜೋಕೆ.
'ಹಿಮ ಅಂದಲ್ಲೆಲ್ಲ ಮರಳು ಅಂತ ಬರೆದುಕೊಳ್ಳಿ.'
ಬರೆದುಕೊಂಡೆವು, ನಾಲ್ಕು ಲಿಪಿಗಳಲ್ಲಿ.
ಇನ್ನೊಂದು ಮಾತು ಬರೆಯದೆಯೂ ಉಳಿದಿದೆ:
ಎಚ್ಚರಿಕೆ ಅಪಾಯದ ಪಕ್ಕದಲ್ಲಿ ನಿಲ್ಲುವುದಿಲ್ಲ.
ಬಹಳ ಮುಂಚೆ, ಏನೂ ಇಲ್ಲದ ಬಯಲಲ್ಲಿ
ಪೆದ್ದನ ಹಾಗೆ ನಿಂತಿರುತ್ತದೆ;
ಭಾರ ಹೊತ್ತದ್ದಕ್ಕೆ ತಡೆದುಕೊಳ್ಳಲು ಅಷ್ಟು ದೂರ ಬೇಕು.
ನನ್ನ ಸೋದರತ್ತೆ ದ್ಯಾವಕ್ಕ ಹೀಗೇ ಬೈಯುತ್ತಿದ್ದಳು,
ನಾನು ತಪ್ಪು ಮಾಡುವ ಎರಡು ವರ್ಷ ಮುಂಚೆ.

ನೂರಾ ಹದಿನೆಂಟರಲ್ಲಿ ಒಂದು ಹಲಗೆಯಿದೆ.
ಶಮಾಲ್ ಗಾಳಿ ಉಜ್ಜಿ ಉಜ್ಜಿ
ಅಕ್ಷರ, ಬಣ್ಣ, ಕೊನೆಗೆ ತುಕ್ಕನ್ನೂ ಒರೆಸಿದ ತಗಡು,
ತಿಕ್ಕಿಟ್ಟ ಊಟದ ತಾಟಿನ ಹಾಗೆ ಹೊಳೆಯುತ್ತದೆ.
ಪಟ್ಟಿಯಲ್ಲಿ ಅದಕ್ಕೆ ನಂಬರಿಲ್ಲ. ನಕಾಶೆಯಲ್ಲಿ
ಅಲ್ಲಿ ಗೇಟಿಲ್ಲ, ತಿರುವಿಲ್ಲ, ಮೋರಿಯೂ ಇಲ್ಲ.
ಕೀಳಿ ಅಂದರು ಸಾಹೇಬರು.
ಸಲಾಕೆ ಹಿಡಿದು ಹೋದೆವು. ಆಗ ಬಂದ ಗೂಡ್ಸು
ಸರಿಯಾಗಿ ಆ ತಗಡಿನ ಎದುರಿಗೆ
ಒಮ್ಮೆ ಉದ್ದಕ್ಕೆ ಕೂಗಿ ಹೋಯಿತು.
ಮಧ್ಯಾಹ್ನದ್ದೂ ಕೂಗಿತು. ಸಂಜೆಯದೂ.
ಯಾಕೆ ಅಂತ ಡ್ರೈವರನ್ನು ಕೇಳಿದೆ.
'ನನಗೆ ಕಲಿಸಿದವನು ಇಲ್ಲಿ ಕೂಗಿಸುತ್ತಿದ್ದ.'
ಅವನಿಗೆ?
'ಅವನಿಗೆ ಕಲಿಸಿದವನು.'

ರಾತ್ರಿ ಉಪ್ಪಿನಂಗಡಿಗೆ ಫೋನು ಹಚ್ಚಿದೆ.
ಆ ಕಂಬಕ್ಕೆ ಕಾಂಕ್ರೀಟು ಸುರಿದದ್ದು ಇದಿನಬ್ಬ ಬ್ಯಾರಿ,
ಈಗ ಮೀನಿನ ಟೆಂಪೋಗಳ ಲೆಕ್ಕ ಬರೆಯುತ್ತಾರೆ.
'ಅದಾ? ಅದು ಸಿಳ್ಳೆ ಹಲಗೆ ಮಾರಾಯಾ.
ಆಫೀಸಿನದ್ದಲ್ಲ, ನಾವೇ ಹಾಕಿದ್ದು.
ಒಬ್ಬ ಸುಡಾನಿ ಇದ್ದ, ಇದ್ರೀಸ್ ಅಂತ, ಒಂಟೆ ಕಾಯುವವ.
ನೀರಿನ ಟ್ಯಾಂಕಿ ಹಳಿಯ ಆಚೆ, ದೊಡ್ಡಿ ಈಚೆ.
ಒಂದು ಕಿವಿ ಕೇಳುವುದಿಲ್ಲ,
ಅದೂ ರೈಲು ಬರುವ ಬದಿಯದ್ದು.
ನಮಗೆ ಹಾಲು ಕೊಡ್ತಿದ್ದ. ದುಡ್ಡು ಮುಟ್ಟಲಿಕ್ಕಿಲ್ಲ.'
ಈಗ ಎಲ್ಲಿದ್ದಾನೆ?
'ಆಗಲೇ ಹೋದ. ಎಲ್ಲಿಗೆ ಅಂತ ನಾವು ಕೇಳಲಿಲ್ಲ.
ಅಲ್ಲಿ ಇನ್ನೂ ಕೂಗ್ತಾ ಉಂಟಾ?'
ಕೂಗ್ತದ, ಅಂದೆ.
ಆಮೇಲೆ ಸ್ವಲ್ಪ ಹೊತ್ತು ಫೋನಿನಲ್ಲಿ
ಟೆಂಪೋ ರಿವರ್ಸ್ ತೆಗೆಯುವ ಸದ್ದು ಮಾತ್ರ.

ಕೀಳಲಿಲ್ಲ. ಬಣ್ಣವನ್ನೂ ಬಳಿಯಲಿಲ್ಲ,
ಏನಂತ ಬರೆಯಲಿ, ಯಾರಿಗೆ?
'ಕಾಂಕ್ರೀಟು ಗಟ್ಟಿ, ಸಲಾಕೆ ಬಾಗಿತು'
ಅಂತ ವರದಿ ಕೊಟ್ಟೆ. ಅರ್ಧ ನಿಜ.

ಇವತ್ತು ಅಲ್ಲೇ ಮರಳು ಗೋರುತ್ತಿದ್ದೆವು.
ಗಾಳಿ ಎಷ್ಟೆಂದರೆ, ಪಕ್ಕದವನು ಬೈದರೂ ಕೇಳಿಸದು.
ಹೊತ್ತಿಗಿಂತ ಮುಂಚೆ ಬಂದ ಗೂಡ್ಸು
ತಗಡಿನ ಹತ್ತಿರ ಉದ್ದಕ್ಕೆ ಕೂಗಿತು.
ಗುಲ್ ಜಮಾನ್ ಆಚೆ ನೋಡಿದ, ಈಚೆ ನೋಡಿದ,
ಯಾರೂ ಇಲ್ಲವಲ್ಲ ಅಂದ.
ಇಲ್ಲ ಅಂತ ನಾನೂ ತಲೆ ಅಲ್ಲಾಡಿಸಿದೆ,
ಹಳಿಯ ನಡುವೆ ನಿಂತು,
ಎರಡೂ ಕಿವಿಗೆ ಬಟ್ಟೆ ಬಿಗಿದುಕೊಂಡು.
ಆಮೇಲೆ ಸಲಿಕೆ ಎತ್ತಿಕೊಂಡು ಇಬ್ಬರೂ ಪಕ್ಕಕ್ಕೆ ಓಡಿದೆವು.